ಸೋಯಾದಲ್ಲಿ ಹೆಣ್ಣಿನ ಹಾರ್ಮೋನ್ ಇದೆಯಂತೆ, ಅಮ್ಮನಿಗೆ ಕ್ಯಾಪ್ಸೂಲ್ ಕೊಡಬಹುದಾ?

51 ವರ್ಷದ ಅಮ್ಮನಿಗೆ ಮುಟ್ಟು ನಿಂತ ಮೇಲೆ ಮೈ ಬಿಸಿಯೇರಿ ಬೆವರುತ್ತಿದೆ, ಮೆಡಿಕಲ್ ಶಾಪಿನವರು ಸೋಯಾ ಐಸೋಫ್ಲೇವೋನ್ ಕ್ಯಾಪ್ಸೂಲ್ ಕೊಟ್ಟಿದ್ದಾರೆ, ಅದರಿಂದ ಸ್ತನ ಕ್ಯಾನ್ಸರ್ ಬರುತ್ತಾ ಎಂದು ಕೇಳಿದ್ದೀರಿ. ಜೊತೆಗೆ, ಜಿಮ್‌ಗೆ ಹೋಗುವ ತಮ್ಮನಿಗೆ ಸೋಯಾ ಚಂಕ್ಸ್ ತಿಂದು ಎದೆ ಬೆಳೆದೀತಾ ಅಂತಲೂ.

ನಾನು ಡಾಕ್ಟರ್ ಅಲ್ಲ. ಮುಟ್ಟು ನಿಂತು ನಾಲ್ಕು ವರ್ಷವಾಗಿದೆ, ಥೈರಾಯ್ಡ್ ಮಾತ್ರೆ ತಗೊಳ್ಳುತ್ತೇನೆ, ಆ ಕ್ಯಾಪ್ಸೂಲನ್ನೂ ನುಂಗಿ ನೋಡಿದವಳು.

ತಮ್ಮನದು ಬೇಗ ಮುಗಿಯುತ್ತದೆ. ಗಂಡಸರ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ 2010ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ನೋಡಿದ್ದಾರೆ. ಸೋಯಾದಿಂದ ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರೋನ್ ಇಳಿದಿಲ್ಲ. ಅಮೆರಿಕದಲ್ಲಿ 60 ವರ್ಷದ ಒಬ್ಬರಿಗೆ ಎದೆ ಊದಿಕೊಂಡಿದ್ದು ನಿಜ, ಆದರೆ ಅವರು ದಿನಕ್ಕೆ ಹತ್ತಿರ ಹತ್ತಿರ 3 ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದರು! ಒಂದು ಬಟ್ಟಲು ಚಂಕ್ಸ್ ತಿಂದರೆ ತಮ್ಮನಿಗೆ ಬರುವುದು ಹೊಟ್ಟೆಯುಬ್ಬರ, ಅಷ್ಟೇ.

ಈ ಭಯಕ್ಕೆ ಒಂದು ಹಳೆಯ ಕಥೆಯೂ ಇದೆ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಎಂಬ ಮೇವು ಮೇಯ್ದ ಕುರಿಗಳು ಗಬ್ಬ ಕಟ್ಟುವುದೇ ಕಷ್ಟವಾಯಿತು. ಆ ಗಿಡದಲ್ಲೂ ಸೋಯಾದಲ್ಲಿರುವ ಜಾತಿಯದೇ ವಸ್ತುವಿತ್ತು. ಆದರೆ ಕುರಿಗೆ ಬೆಳಗಿನಿಂದ ಸಂಜೆವರೆಗೆ ಅದೇ ಊಟ. ನಾವು ಹಾಗೆ ತಿನ್ನುವುದಿಲ್ಲ ಅಲ್ವಾ?

ಸೋಯಾದಲ್ಲಿರುವುದು ಹೆಣ್ಣಿನ ಹಾರ್ಮೋನ್ ಅಲ್ಲ, ಅದನ್ನು ಹೋಲುವ ಜೆನಿಸ್ಟೀನ್, ಡೈಡ್ಜೀನ್ ಎಂಬ ವಸ್ತುಗಳು, ಇವನ್ನೇ ಐಸೋಫ್ಲೇವೋನ್ ಅನ್ನುವುದು. ನಮ್ಮ ಮೈಯಲ್ಲಿರುವ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಎದುರು ಇವುಗಳ ಶಕ್ತಿ ತುಂಬಾ ಕಡಿಮೆ. ಶಾಂಘೈನಲ್ಲಿ ಸ್ತನ ಕ್ಯಾನ್ಸರ್ ಬಂದಿದ್ದ ಸುಮಾರು 5,000 ಹೆಂಗಸರನ್ನು ಹಲವು ವರ್ಷ ಗಮನಿಸಿ 2009ರಲ್ಲಿ ವರದಿ ಮಾಡಿದರು. ಜಾಸ್ತಿ ಸೋಯಾ ತಿನ್ನುತ್ತಿದ್ದವರಲ್ಲಿ ರೋಗ ಮರಳಿದ್ದೂ ಸತ್ತವರೂ ಕಡಿಮೆ. ಸೋಯಾದಿಂದಲೇ ಹಾಗಾಯಿತು ಎನ್ನಲು ಅಷ್ಟು ಸಾಲದು, ಆದರೆ ಭಯ ಪಡುವಂಥದ್ದೇನೂ ಕಾಣಲಿಲ್ಲ. ಅವರು ತಿಂದಿದ್ದು ತೋಫು, ಸೋಯಾ ಹಾಲು, ಕ್ಯಾಪ್ಸೂಲ್ ಅಲ್ಲ. ಅಮ್ಮನಿಗೆ ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದರೆ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಕ್ಯಾಪ್ಸೂಲ್ ಮುಟ್ಟಬೇಡಿ.

ಕ್ಯಾಪ್ಸೂಲ್‌ನಿಂದ ಗುಣ ಸಿಗುತ್ತಾ? ಸಿಕ್ಕರೂ ಸ್ವಲ್ಪ, ಅದೂ ವಾರಗಟ್ಟಲೆ ಕಾದ ಮೇಲೆ. 2012ರ ಒಂದು ಲೆಕ್ಕದಲ್ಲಿ ಔಷಧವಿಲ್ಲದ ಸುಳ್ಳು ಮಾತ್ರೆ ನುಂಗಿದವರಿಗಿಂತ ಬಿಸಿಯೇರುವುದು ಸುಮಾರು 20% ಕಡಿಮೆಯಾಗಿತ್ತು. ಆದರೆ ಉತ್ತರ ಅಮೆರಿಕದ ಮುಟ್ಟು ನಿಲ್ಲುವ ವಿಷಯದ ತಜ್ಞರ ಸಂಘ 2023ರಲ್ಲಿ ಇದನ್ನು ಶಿಫಾರಸು ಮಾಡಲಿಲ್ಲ. ಹೊಟ್ಟೆಯ ಬ್ಯಾಕ್ಟೀರಿಯಾ ಡೈಡ್ಜೀನನ್ನು ಈಕ್ವಾಲ್ ಎಂಬ ಇನ್ನೊಂದು ವಸ್ತುವಾಗಿ ಬದಲಿಸುತ್ತವೆ, ಆದರೆ ಎಲ್ಲರ ಹೊಟ್ಟೆಯಲ್ಲೂ ಅಲ್ಲ. ಒಬ್ಬರಿಗೆ ನಾಟಿ ಇನ್ನೊಬ್ಬರಿಗೆ ನಾಟದಿರುವುದಕ್ಕೆ ಅದೂ ಒಂದು ಕಾರಣ ಇರಬಹುದು. ನಾನು ಏಪ್ರಿಲ್‌ನಿಂದ ಮೂರು ತಿಂಗಳು ತಗೊಂಡೆ. ರಾತ್ರಿ ಬೆವರು ಕಡಿಮೆಯಾಯಿತು. ಕ್ಯಾಪ್ಸೂಲಿಗೋ, ಮಳೆಗಾಲ ಶುರುವಾದದ್ದಕ್ಕೋ! ದುಡ್ಡು ದಂಡ ಎನಿಸಿ ಬಿಟ್ಟೆ.

ನನಗೆ ತೊಂದರೆಯಾಗಿದ್ದು ಬೇರೆ ಕಡೆ. ಬೆಳಗ್ಗೆ ಥೈರಾಯ್ಡ್ ಮಾತ್ರೆ ನುಂಗಿ ಅರ್ಧ ಗಂಟೆಗೇ ಒಂದು ಲೋಟ ಸೋಯಾ ಹಾಲು ಕುಡಿಯುತ್ತಿದ್ದೆ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿತು, ಅಂದರೆ ಥೈರಾಯ್ಡ್ ಮಾತ್ರೆ ಸಾಲುತ್ತಿಲ್ಲ ಎಂಬ ಸೂಚನೆ. ಡೋಸ್ ಜಾಸ್ತಿ ಮಾಡುತ್ತಾರೆಂದು ಹೋದರೆ ಡಾಕ್ಟರ್ ಮೊದಲು ಕೇಳಿದ್ದು, "ಮಾತ್ರೆ ಆದ ಮೇಲೆ ಏನು ಕುಡೀತೀರಿ?" ಮಾತ್ರೆ ಮೈಗೆ ಹತ್ತದಂತೆ ಸೋಯಾ ಅಡ್ಡ ಬರುತ್ತದಂತೆ. ಹಾಲನ್ನು ಸಂಜೆಗೆ ಬದಲಿಸಿದೆ. ಅದೇ ಡೋಸ್‌ನಲ್ಲಿ ಮುಂದಿನ ರಿಪೋರ್ಟ್ ಸರಿ ಬಂತು.

ಅಂದಹಾಗೆ, ಮುಟ್ಟು ನಿಂತು ವರ್ಷ ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಕ್ಯಾಪ್ಸೂಲ್ ತಗೊಳ್ಳಲಿ ಬಿಡಲಿ. ಅಮ್ಮ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಾರಾ ಎಂದು ನೀವು ಬರೆದಿಲ್ಲ. ಮೊದಲು ಅದನ್ನು ಕೇಳಿ.