ಪಕ್ಕದಲ್ಲಿ ನಿಂತೋನ ಭಯ

ಹೋದ ಸಲ ಸರ್ವಾಧಿಕಾರಿಗಳ ಬಗ್ಗೆ ಒಬ್ರಿಗೆ ನಾಲ್ಕು ಸಾಲು ಉತ್ತರ ಕೊಟ್ಟಿದ್ದೇ ತಪ್ಪಾಯ್ತು ನೋಡಿ, ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅದೇ. ಉಳಿದವನ್ನ ಮುಂದಕ್ಕೆ ಹಾಕಿದೀನಿ, ಇವತ್ತು ಬರೀ ಇದೇ.

ಪ್ರಶ್ನೆ: ದೇಶದಲ್ಲಿ ಕೋಟಿಗಟ್ಲೆ ಜನ ಇರ್ತಾರೆ, ಅವನು ಒಬ್ಬ. ಎಲ್ರೂ ಒಂದ್ಸಲ ಎದ್ದು ನಿಂತ್ರೆ ಅವನ್ಯಾವ ಲೆಕ್ಕ ಸಾರ್?

ಉತ್ತರ: ಕೋಟಿ ಜನರನ್ನ ಅವನು ಹೆದರಿಸಲ್ಲ, ಆ ಕೆಲಸ ಅವನಿಗೆ ಬೇರೆಯವ್ರು ಮಾಡಿಕೊಡ್ತಾರೆ. ಅವನು ಹಿಡಿದಿಟ್ಕೋಬೇಕಾಗಿರೋದು ಹಾಗೆ ಮಾಡಿಕೊಡೋ ಕೆಲವು ನೂರು ಜನರನ್ನ, ಅಂದ್ರೆ ಸೇನೆ ದೊಡ್ಡೋರು, ಗುಪ್ತಚರದೋರು, ಪಾರ್ಟಿ ಲೀಡರ್‌ಗಳು, ದುಡ್ಡು ನೋಡ್ಕೊಳ್ಳೋರು. ಇರಾಕಿನ ಸದ್ದಾಂ ಹುಸೇನ್ ಇದನ್ನ ಹೇಗೆ ಮಾಡಿದ ಅಂತ ಹೇಳ್ತೀನಿ ಕೇಳಿ, ವಿಡಿಯೋ ಈಗಲೂ ಸಿಗುತ್ತೆ, ನೋಡೋಕೆ ಗುಂಡಿಗೆ ಬೇಕು. 1979ರ ಜುಲೈ 22, ಅಧ್ಯಕ್ಷ ಆಗಿ ಇನ್ನೂ ಒಂದು ವಾರ ಆಗಿಲ್ಲ, ಬಾಗ್ದಾದ್‌ನ ಒಂದು ಹಾಲ್‌ನಲ್ಲಿ ತನ್ನ ಬಾತ್ ಪಾರ್ಟಿ ನಾಯಕರನ್ನೆಲ್ಲಾ ಕೂರಿಸಿದಾನೆ, ಕ್ಯಾಮೆರಾ ಓಡ್ತಿದೆ, ಇವನು ಆರಾಮಾಗಿ ಸಿಗಾರ್ ಸೇದ್ತಾ ಕೂತಿದಾನೆ. ಮೊದಲೇ ಹೊಡೆದು ಬಡಿದು ಒಪ್ಪಿಸಿಟ್ಟಿದ್ದ ಒಬ್ಬ ಪಾರ್ಟಿಯವನು ಎದ್ದು ನಿಂತು ಸಿರಿಯಾ ಜೊತೆ ಸೇರಿ ಪಿತೂರಿ ನಡೀತಿತ್ತು ಅಂತ ಶುರು ಮಾಡ್ತಾನೆ, ಆಮೇಲೆ ಒಂದೊಂದೇ ಹೆಸರು. ಹೆಸರು ಬಂದೋನನ್ನ ಸೀಟಿಂದ ಎಬ್ಬಿಸಿ ಹೊರಗೆ ಕರ್ಕೊಂಡು ಹೋಗ್ತಾರೆ. ಸದ್ದಾಂ ಮಧ್ಯದಲ್ಲಿ ಕರ್ಚೀಫ್ ತೆಗೆದು ಕಣ್ಣು ಬೇರೆ ಒರೆಸ್ಕೋತಾನೆ! ಇನ್ನೂ ಹೆಸರು ಬರದೇ ಇರೋರು ಏನ್ಮಾಡ್ತಾರೆ? ಎದ್ದು ನಿಂತು ಸದ್ದಾಂಗೆ ಜೈಕಾರ ಹಾಕ್ತಾರೆ, ಕೂತಿದ್ರೆ ಮುಂದಿನ ಹೆಸರು ತಮ್ಮದೇ ಆದ್ರೆ ಅನ್ನೋ ಭಯ. ಒಟ್ಟು 68 ಜನರನ್ನ ಹಾಗೆ ಎತ್ತಿದ್ರು, ಅದ್ರಲ್ಲಿ 22 ಜನರಿಗೆ ಮರಣದಂಡನೆ. ಗುಂಡು ಹೊಡೆಯೋಕೆ ಸೈನಿಕರನ್ನ ಕರೀಲಿಲ್ಲ, ಪಾರ್ಟಿಯವ್ರ ಕೈಗೇ ಬಂದೂಕು ಕೊಟ್ಟ. ಅಲ್ಲಿರೋದು ವಿಷಯ. ಅವತ್ತು ಗೆಳೆಯನಿಗೆ ಗುಂಡು ಹೊಡೆದೋನು ನಾಳೆ ಸದ್ದಾಂ ಬಿದ್ರೆ ತಾನೂ ಬೀಳ್ತೀನಿ ಅಂತ ಗೊತ್ತಿರೋದ್ರಿಂದ ಪ್ರೀತಿ ಇಲ್ದೇ ಇದ್ರೂ ಕಾಯ್ತಾನೆ. ಆ ಟೇಪನ್ನ ಮುಚ್ಚಿಡೋ ಬದ್ಲು ತಾನೇ ಹಂಚಿಸಿದ ಬೇರೆ.

ಪ್ರಶ್ನೆ: ಸೇನೆ ಹತ್ರ ಗನ್ ಇರುತ್ತಲ್ಲ, ಅವ್ರು ಯಾಕೆ ತಿರುಗಿ ಬೀಳಲ್ಲ?

ಉತ್ತರ: ಬೀಳ್ತಾರೆ, ಅದಕ್ಕೇ ಇವ್ರಿಗೆ ನಿದ್ದೆ ಬರಲ್ಲ. 1971ರ ಜನವರಿಯಲ್ಲಿ ಉಗಾಂಡಾ ಅಧ್ಯಕ್ಷ ಒಬೋಟೆ ಸಿಂಗಪುರದ ಕಾಮನ್‌ವೆಲ್ತ್ ಸಭೆಗೆ ಹೋಗಿದ್ದೇ ತಡ, ಸೇನಾ ಮುಖ್ಯಸ್ಥ ಇದಿ ಅಮೀನ್ ಕುರ್ಚಿ ಎಳ್ಕೊಂಡ. ಗಡಾಫಿ 1969ರಲ್ಲಿ ಲಿಬಿಯಾ ರಾಜನನ್ನ ಇಳಿಸಿದಾಗ ಅವನಿಗೆ 27 ವರ್ಷ, ಒಬ್ಬ ಕಿರಿಯ ಅಧಿಕಾರಿ ಏನೆಲ್ಲಾ ಮಾಡಬಹುದು ಅಂತ ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ, ಹಾಗಾಗಿ ಸೇನೆಯನ್ನ ಬೇಕಂತಲೇ ಸೊರಗಿಸಿ ಒಳ್ಳೆ ಆಯುಧಗಳನ್ನ ಮಗನ ಬ್ರಿಗೇಡ್‌ಗೆ ಕೊಟ್ಟ. ಹೈಟಿಯ ದುವಾಲಿಯೇ ಸೇನೆಯನ್ನ ನಂಬದೆ ಟೊಂಟೊನ್ ಮಕೂಟ್ ಅಂತ ತನ್ನದೇ ಗೂಂಡಾ ಪಡೆ ಕಟ್ಟಿದ. ಒಂದು ಸೇನೆ ಕಾಯೋಕೆ ಇನ್ನೊಂದು ಸೇನೆ. ಇನ್ನು ಸ್ಟಾಲಿನ್ ಗುಪ್ತ ಪೊಲೀಸ್ ಮುಖ್ಯಸ್ಥರನ್ನೂ ಬಿಡ್ಲಿಲ್ಲ, ಯಗೋಡಾನ 1938ರಲ್ಲಿ ಕೊಲ್ಲಿಸಿದ, ಅವನ ಜಾಗಕ್ಕೆ ಬಂದಿದ್ದ ಯೆಜೋವ್‌ನ 1940ರಲ್ಲಿ. ಯೆಜೋವ್ ಸ್ಟಾಲಿನ್ ಪಕ್ಕ ಕಾಲುವೆ ದಡದಲ್ಲಿ ನಡೀತಿರೋ ಫೋಟೋ ಒಂದಿದೆ, ಆಮೇಲೆ ಅದೇ ಫೋಟೋ ಬಂದಾಗ ಅವನಿದ್ದ ಜಾಗದಲ್ಲಿ ಬರೀ ನೀರು.

ಪ್ರಶ್ನೆ: ಹಿಂಗೆ ಎಲ್ರನ್ನೂ ಕೊಲ್ತಾ ಹೋದ್ರೆ ಕೆಲಸ ಮಾಡೋಕೆ ಯಾರು ಉಳೀತಾರೆ?

ಉತ್ತರ: ಬುದ್ಧಿವಂತ ಕೊಲ್ಲಲ್ಲ, ಹಗ್ಗ ಕೈಲಿಟ್ಕೊಂಡು ಮೇಯೋಕೆ ಬಿಡ್ತಾನೆ. ಜೈರ್ ದೇಶದ (ಈಗಿನ ಕಾಂಗೋ) ಮೊಬುಟು 1965ರಿಂದ 1997ರ ತನಕ ಇದ್ನಲ್ಲ, ಅವನ ವಿದೇಶಾಂಗ ಮಂತ್ರಿ ಎನ್‌ಗುಜಾ ಕಾರ್ಲ್ ಇ ಬಾಂಡ್ ಕತೆ ಕೇಳಿದ್ರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. 1977ರಲ್ಲಿ ದೇಶದ್ರೋಹ ಅಂತ ಮರಣದಂಡನೆ, ಜೈಲಲ್ಲಿ ಚಿತ್ರಹಿಂಸೆ, ಆಮೇಲೆ ಕ್ಷಮಾದಾನ, 1979ರಲ್ಲಿ ಮತ್ತೆ ಅದೇ ಮಂತ್ರಿ, 1980ರಲ್ಲಿ ಪ್ರಧಾನಿ! ಮರುವರ್ಷ ಬೆಲ್ಜಿಯಂಗೆ ಓಡಿಹೋಗಿ ಅಮೆರಿಕದ ಕಾಂಗ್ರೆಸ್ ಮುಂದೆ ಮೊಬುಟು ಲೂಟಿ ಬಗ್ಗೆ ಸಾಕ್ಷಿ ಹೇಳಿದ. ಅಷ್ಟೆಲ್ಲಾ ಆದ್ಮೇಲೆ 1985ರಲ್ಲಿ ವಾಪಸ್ ಬಂದ, 1986ರಲ್ಲಿ ಅದೇ ಅಮೆರಿಕಕ್ಕೆ ಮೊಬುಟುವಿನ ರಾಯಭಾರಿ. ಕುರ್ಚಿನೂ ಅವನೇ ಕೊಡ್ತಾನೆ ನೇಣೂ ಅವನೇ ಕೊಡ್ತಾನೆ ಅಂತ ಇಡೀ ದೇಶಕ್ಕೆ ಕಾಣ್ತಾ ಇರಬೇಕು, ಅಷ್ಟೇ.

ಪ್ರಶ್ನೆ: ಎಲ್ಲಾ ಅವನ ಕೈಲೇ ಇರುವಾಗ ಎಲೆಕ್ಷನ್ ನಾಟಕ ಯಾಕೆ?

ಉತ್ತರ: 2002ರಲ್ಲಿ ಸದ್ದಾಂ ಜನಮತ ಕೇಳಿದ, 1,14,45,638 ವೋಟು ಬಿತ್ತು, ಅಷ್ಟೂ ಅವನಿಗೇ. ಒಂದೂ ವಿರೋಧ ಇಲ್ಲ, ಕಾಯಿಲೆ ಬಿದ್ದೋರೂ ಇಲ್ಲ! ಯಾರಾದ್ರೂ ನಂಬಲಿ ಅಂತ ಅಲ್ಲ ಇದು, ಯಾರೂ ನಂಬಲ್ಲ ಅಂತ ಗೊತ್ತಿದ್ದೂ ಇಷ್ಟು ದೊಡ್ಡ ಸುಳ್ಳನ್ನ ಒಬ್ರೂ ಪ್ರಶ್ನೆ ಮಾಡಲ್ಲ ಅಂತ ತೋರ್ಸೋಕೆ. ಯಾಮಾರಿದ್ದು ಚಿಲಿಯ ಪಿನೋಚೆ. 1988ರ ಅಕ್ಟೋಬರ್ 5ಕ್ಕೆ ‘ಬೇಕು, ಬೇಡ’ ಅಂತ ನಿಜವಾಗ್ಲೂ ಕೇಳಿಬಿಟ್ಟ, ಸುಮಾರು 56 ಪರ್ಸೆಂಟ್ ಜನ ಬೇಡ ಅಂದ್ರು. ಆ ರಾತ್ರಿ ಸರ್ಕಾರ ಫಲಿತಾಂಶ ಎಳೀತಾ ಕೂತಿತ್ತು, ಅರಮನೆ ಒಳಗೆ ಹೋಗ್ತಿದ್ದ ವಾಯುಸೇನೆ ಮುಖ್ಯಸ್ಥ ಮಾತೆಯಿ ಬಾಗಿಲಲ್ಲೇ ಪತ್ರಕರ್ತರಿಗೆ ‘ಬೇಡ’ ಗೆದ್ದಿದೆ ಅಂತ ಹೇಳಿಬಿಟ್ಟ. ಅಲ್ಲಿಗೆ ಆಟ ಮುಗೀತು. ವೋಟು ಹಾಕಿದ್ದು ಜನ ಸರಿ, ಆದ್ರೆ ಅವತ್ತು ಪಕ್ಕದಲ್ಲಿ ನಿಂತಿದ್ದೋನು ಬಾಯಿ ಮುಚ್ಕೊಂಡಿದ್ದಿದ್ರೆ?

ಪ್ರಶ್ನೆ: ಸಾಮಾನ್ಯ ಜನರ ಮೇಲೆ ಕಣ್ಣಿಡೋದು ಹೇಗೆ?

ಉತ್ತರ: ಅವ್ರ ಕೈಲೇ ಇಡ್ಸೋದು. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿಗೆ 1989ರಲ್ಲಿ ಸುಮಾರು 91 ಸಾವಿರ ನೌಕರರು, ಗುಟ್ಟಾಗಿ ಸುದ್ದಿ ಕೊಡೋರು ಅದರ ಹೆಚ್ಚುಕಮ್ಮಿ ಎರಡರಷ್ಟು, ದೇಶದ ಜನಸಂಖ್ಯೆ ಒಂದೂವರೆ ಕೋಟಿ ಚಿಲ್ಲರೆ. ಚೌಷೆಸ್ಕುನ ರೊಮೇನಿಯಾದಲ್ಲಿ 1983ರಿಂದ ಟೈಪ್‌ರೈಟರ್ ಇದ್ದೋರು ಪೊಲೀಸರ ಹತ್ರ ನೋಂದಾಯಿಸಿ ಅದ್ರ ಅಕ್ಷರದ ಸ್ಯಾಂಪಲ್ ಕೊಡಬೇಕಿತ್ತು, ಕರಪತ್ರ ಸಿಕ್ರೆ ಯಾರ ಮಷೀನ್ ಅಂತ ಹುಡುಕೋಕೆ.

ಪ್ರಶ್ನೆ: ಒಳ್ಳೆ ಸರ್ವಾಧಿಕಾರಿ ಒಬ್ಬ ಬಂದು ಎರಡೇ ವರ್ಷದಲ್ಲಿ ಎಲ್ಲಾ ಸರಿಮಾಡಿ ಹೋದ್ರೆ?

ಉತ್ತರ: ಎರಡು ವರ್ಷ ಆಯ್ತು ಹೊರಡು ಅಂತ ಅವನಿಗೆ ಹೇಳೋಕೆ ನೀವು ಹೋಗ್ತೀರಾ? ಈಕ್ವಟೋರಿಯಲ್ ಗಿನಿಯಲ್ಲಿ ಒಬಿಯಾಂಗ್ ತನ್ನ ಕ್ರೂರಿ ಚಿಕ್ಕಪ್ಪನನ್ನ ಇಳಿಸಿದ್ದು 1979ರಲ್ಲಿ. ಇನ್ನೂ ಹೊರಟಿಲ್ಲ.

ಪ್ರಶ್ನೆ: ಜನ ತನ್ನನ್ನ ದ್ವೇಷಿಸ್ತಾರೆ ಅಂತ ಅವನಿಗೆ ಗೊತ್ತೇ ಇರಲ್ವಾ?

ಉತ್ತರ: ಹೇಳೋರ್ಯಾರು? 1989ರ ಡಿಸೆಂಬರ್ 21ಕ್ಕೆ ಚೌಷೆಸ್ಕು ಬುಕಾರೆಸ್ಟ್‌ನ ಬಾಲ್ಕನಿಯಿಂದ ಟೀವಿ ಲೈವ್‌ನಲ್ಲಿ ಭಾಷಣ ಮಾಡ್ತಿದ್ದ, ಕರ್ಕೊಂಡು ಬಂದ ಜನ, ಕೊಟ್ಟ ಬಾವುಟ. ಇದ್ದಕ್ಕಿದ್ದಂಗೆ ಗುಂಪಿಂದ ಕೂಗಾಟ ಎದ್ದಾಗ ಆ ಮುದುಕನ ಮುಖ ನೋಡ್ಬೇಕು, ಮಾತು ನಿಂತು ಕೈ ಎತ್ಕೊಂಡು ‘ಹಲೋ, ಹಲೋ’ ಅಂತಾನೆ, ಲೈನ್ ಕಟ್ಟಾದ ಫೋನಿಗೆ ಅಂದಂಗೆ. ಮಾರನೇ ದಿನ ಸೇನೆ ಜನರ ಕಡೆ ವಾಲಿತು, 25ಕ್ಕೆ ಅವನನ್ನೂ ಹೆಂಡತಿಯನ್ನೂ ಗುಂಡಿಟ್ಟು ಕೊಂದ್ರು.

ಸ್ಟಾಲಿನ್ ಅಂತೂ ತಾನೇ ಹುಟ್ಸಿದ ಭಯಕ್ಕೇ ಸಿಕ್ಕಿಕೊಂಡ. 1953ರ ಮಾರ್ಚ್ 1, ಎದ್ದು ಹೊರಗೆ ಬರೋ ಹೊತ್ತು ಮೀರಿದ್ರೂ ರೂಮಿಂದ ಸದ್ದಿಲ್ಲ, ಕರೀದೆ ಒಳಗೆ ಹೋಗೋ ಧೈರ್ಯ ಕಾವಲಿನೋರಿಗಿಲ್ಲ, ನೀನು ಹೋಗು ನೀನು ಹೋಗು ಅಂತ ರಾತ್ರಿ ಮಾಡಿದ್ರು. ಕೊನೆಗೆ ಟಪಾಲು ಕೊಡೋ ನೆಪದಲ್ಲಿ ಒಬ್ಬ ಹೋಗಿ ನೋಡಿದ್ರೆ ನೆಲದ ಮೇಲೆ ಬಿದ್ದಿದಾನೆ, ಬಟ್ಟೆ ಒದ್ದೆ, ಮಾತು ಬಿದ್ದುಹೋಗಿದೆ. ಡಾಕ್ಟ್ರು ಬಂದಿದ್ದು ಮಾರನೇ ಬೆಳಗ್ಗೆ, ಅದೂ ಅವನನ್ನ ಯಾವತ್ತೂ ನೋಡದೇ ಇದ್ದ ಹೊಸಬರು. ಅವನ ಖಾಸಗಿ ಡಾಕ್ಟ್ರು ವಿನೊಗ್ರಾದೋವ್, ಇನ್ಮೇಲೆ ಪೂರ್ತಿ ರೆಸ್ಟ್ ಬೇಕು ಅಂತ ಹಿಂದಿನ ವರ್ಷವೇ ಹೇಳಿದ್ದ ಮನುಷ್ಯ, ಆವಾಗ ಜೈಲಲ್ಲಿದ್ರು.