ಸೀಟು ಕರ್ನಾಟಕದ್ದು, ಸ್ಕಾಲರ್‌ಶಿಪ್ ಯಾರದ್ದು?

"ಕಾಸರಗೋಡಿನಲ್ಲಿದ್ದರೂ ನೀವು ಅಚ್ಚ ಕನ್ನಡದವರು, ಮಕ್ಕಳು ಓದೋದು ಮಂಗಳೂರಲ್ಲಿ, ನಮ್ಮ ಕರ್ನಾಟಕದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಒಂದು ಅರ್ಜಿ ಹಾಕಲಿಕ್ಕೆ ಏನು ದಾಡಿ?" ಅಂತ ಬೆಂಗಳೂರಿನಿಂದ ಬರೆದು ಕೇಳಿದೆಯಲ್ಲ. ಅದರ ಬೆನ್ನಿಗೇ ಇನ್ನೊಂದು: "ಅಥವಾ ಕೇರಳದ್ದೂ ನಮ್ಮದೂ ಎರಡೂ ಹೊಡೀತೀರಾ?" ನಗು ಬಂತು ಮಾರಾಯ. ಎರಡೂ ಹೊಡೆದವರನ್ನು ನಾನಂತೂ ಈ ಕಡೆ ನೋಡಿಲ್ಲ. ಎರಡೂ ಕೈತಪ್ಪಿದವರು ಬೇಕಿದ್ದರೆ ನಮ್ಮ ಓಣಿಯಲ್ಲೇ ಸಿಗ್ತಾರೆ.

ಮೊದಲು ಮೂಲ ನಿಯಮ ಹೇಳಿಬಿಡುತ್ತೇನೆ. ಇದು ಗೊತ್ತಿಲ್ಲದೆಯೇ ಎಲ್ಲರೂ ನಮಗೆ ಬುದ್ಧಿ ಹೇಳಲಿಕ್ಕೆ ಬರುವುದು. ರಾಜ್ಯದ ಸ್ಕಾಲರ್‌ಶಿಪ್ ಮೊದಲು ನೋಡುವುದು ಕಾಲೇಜು ಎಲ್ಲಿದೆ ಅಂತ ಅಲ್ಲ. ಮನೆಯಲ್ಲಿ ಯಾವ ಭಾಷೆ ಅಂತಂತೂ ಕೇಳುವುದೇ ಇಲ್ಲ. ಕುಟುಂಬ ಕಾಯಂ ಆಗಿ ಯಾವ ರಾಜ್ಯದಲ್ಲಿದೆ, ದುಡ್ಡು ಆ ರಾಜ್ಯದ್ದು. ಕೇಂದ್ರದ ಪಾಲಿರುವ ಎಸ್‌ಸಿ, ಎಸ್‌ಟಿ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ಪಿಗೂ ಇದೇ ಲೆಕ್ಕ. ಆದಾಯದ ಮಿತಿ ವರ್ಷಕ್ಕೆ 2.5 ಲಕ್ಷ, ಮಗು ದೇಶದಲ್ಲಿ ಎಲ್ಲಿ ಬೇಕಾದರೂ ಓದಲಿ, ಕೊಡಬೇಕಾದ್ದು ತವರು ರಾಜ್ಯ. ಪುತ್ತೂರಿನ ಹುಡುಗ ಕಾಸರಗೋಡಿಗೆ ಬಂದು ಓದಿದರೂ ಅವನು ಕರ್ನಾಟಕದವನೇ. ಕಾಸರಗೋಡಿನ ಬದಿಯಡ್ಕದ ಹುಡುಗಿ ಮಂಗಳೂರಲ್ಲಿ ಓದಿದರೂ ಅವಳು ಕೇರಳದವಳೇ. ಕಾಗದದ ಮೇಲೆ ಇದು ಸರಿಯಾಗಿಯೇ ಇದೆ. ಇಲ್ಲ ಅಂತ ನಾನೂ ಹೇಳಲ್ಲ.

ಆದರೆ ಇಲ್ಲೊಂದು ತಮಾಷೆ ಉಂಟು. ಸೀಟು ಕೊಡುವಾಗ ಕರ್ನಾಟಕ ನಮ್ಮನ್ನು ತನ್ನವರು ಅಂತ ಒಪ್ಪುತ್ತದೆ. ಸಿಇಟಿಯಲ್ಲಿ ಗಡಿನಾಡು ಕನ್ನಡಿಗ ಅಂತ ಒಂದು ದಾರಿ ಇದೆ, ಗೊತ್ತಲ್ವಾ? ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ, ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ, ಈ ತಾಲೂಕುಗಳಲ್ಲಿ ಓದಿದ, ಕನ್ನಡವೋ ತುಳುವೋ ಕೊಡವವೋ ಮನೆಮಾತಾಗಿರುವ ಮಕ್ಕಳು ಅದರಲ್ಲಿ ಬರುತ್ತಾರೆ. ಅದಕ್ಕೆ ಒಂದು ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. 50 ಅಂಕ, ನಾಲ್ಕನೇ ಕ್ಲಾಸಿನ ಮಟ್ಟ, 12 ಬಂದರೆ ಪಾಸು. ಹತ್ತನೇ ತನಕ ಗಣಿತ, ವಿಜ್ಞಾನ ಎಲ್ಲ ಕನ್ನಡದಲ್ಲೇ ಓದಿದ ಹುಡುಗಿ ಹೋಗಿ ನಾಲ್ಕನೇ ಕ್ಲಾಸಿನ ಕನ್ನಡ ಬರೆದು, ನಾನು ಕನ್ನಡತಿ ಅಂತ ರುಜುವಾತು ಮಾಡಿ ಬರುತ್ತಾಳೆ. ಬೆಂಗಳೂರಿನ ನಿನ್ನ ಅಪಾರ್ಟ್‌ಮೆಂಟಿನ ಮಕ್ಕಳನ್ನು ಒಮ್ಮೆ ಕೂರಿಸಿ ನೋಡು, ಎಷ್ಟು ಜನ 12 ದಾಟುತ್ತಾರೆ ಅಂತ ನನಗೂ ಕುತೂಹಲ ಇದೆ.

ಇರಲಿ. ಪರೀಕ್ಷೆ ಪಾಸು, ಸೀಟು ಸಿಕ್ಕಿತು, ಕರ್ನಾಟಕದ ಕಾಲೇಜಿಗೆ ಸೇರಿದ್ದಾಯಿತು. ನೀನು ಕೇಳುವ ಎಸ್‌ಎಸ್‌ಪಿ ಬರುವುದು ಆಮೇಲೆ. ಅಲ್ಲಿ ಆಧಾರ್ ಹಾಕು, ಕಾಲೇಜು ಹುಡುಕು, ಕೋರ್ಸು ಆರಿಸು, ಎಲ್ಲ ಸಲೀಸು. ಮುಂದೆ ಜಾತಿ ಮತ್ತು ಆದಾಯದ ಕಾಲಂ. ಅದು ಕೇಳುವುದು ನಾಡಕಚೇರಿ ಕೊಟ್ಟ ಸರ್ಟಿಫಿಕೇಟಿನ ಆರ್‌ಡಿ ನಂಬರ್. ನಂಬರ್ ಹೊಡೆದರೆ ಸಾಕು, ನಾಡಕಚೇರಿಯ ಕಡತದಿಂದ ಹೆಸರು, ಜಾತಿ, ಆದಾಯ ಎಲ್ಲ ತಾನಾಗಿ ಬಂದು ಕೂರುತ್ತವೆ. ನಿಮಗೆ ಇದು ದೊಡ್ಡ ಅನುಕೂಲ, ಒಪ್ಪುತ್ತೇನೆ. ನಮ್ಮ ಸರ್ಟಿಫಿಕೇಟು ಬರುವುದು ಕೇರಳದ ವಿಲೇಜ್ ಆಫೀಸಿನಿಂದ, ತಾಲೂಕು ಆಫೀಸಿನಿಂದ. ಅದರಲ್ಲೂ ನಂಬರ್ ಇದೆ, ಸೀಲಿದೆ, ತಹಶೀಲ್ದಾರರ ಡಿಜಿಟಲ್ ಸಹಿ ಇದೆ. ಆರ್‌ಡಿ ಮಾತ್ರ ಇಲ್ಲ. ಅಲ್ಲಿಗೆ ಮುಗಿಯಿತು.

ನಾನು ಊರವರ ಅರ್ಜಿ ತುಂಬಿಕೊಡುವವ ಅಂತ ನಿನಗೆ ಗೊತ್ತಲ್ಲ. ಪ್ರತಿ ವರ್ಷ ಈ ಕಾಲಂ ಮುಂದೆ ಯಾರಾದರೂ ಒಬ್ಬರು ಅಪ್ಪ ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು "ಅಲ್ಲಿ ನಮ್ಮ ನಂಬರೇ ಹಾಕಿ ನೋಡಿ ಮಾಷ್ಟ್ರೇ, ಒಮ್ಮೆ ಹಾಕಿ ನೋಡಿ" ಅಂತಾರೆ. ಹಾಕುತ್ತೇನೆ. ತಗೊಳ್ಳುವುದಿಲ್ಲ ಅಂತ ಗೊತ್ತಿದ್ದೂ ಹಾಕುತ್ತೇನೆ, ನನ್ನ ಮಾತಿಗಿಂತ ಅವರಿಗೆ ಆ ಕೆಂಪು ಅಕ್ಷರದ ಮೇಲೆ ನಂಬಿಕೆ ಜಾಸ್ತಿ.

ನಮ್ಮ ಹತ್ತಿರದ ಒಂದು ಮನೆಯ ಕಥೆ ಹೇಳುತ್ತೇನೆ, ಆಗ ಸರಿಯಾಗಿ ಅರ್ಥವಾಗುತ್ತದೆ. ಮರಾಟಿ ಸಮುದಾಯದವರು. ಅಮ್ಮನ ತವರು ಪುತ್ತೂರಿನ ಕಡೆ, ಗಂಡನ ಮನೆ ಬದಿಯಡ್ಕದ ಕಡೆ. ಅಮ್ಮನ ತಂಗಿಯನ್ನು ಆಚೆ ಕರ್ನಾಟಕದಲ್ಲೇ ಮದುವೆ ಮಾಡಿ ಕೊಟ್ಟಿದ್ದಾರೆ. ಅಕ್ಕ ತಂಗಿ ಇಬ್ಬರಿಗೂ ಒಬ್ಬೊಬ್ಬ ಮಗಳು, ಹೆಚ್ಚುಕಮ್ಮಿ ಒಂದೇ ವಯಸ್ಸು, ಇಬ್ಬರೂ ಮಂಗಳೂರಿನ ಒಂದೇ ಕಾಲೇಜು. ಮರಾಟಿಗಳು ದಕ್ಷಿಣ ಕನ್ನಡದಲ್ಲಿ ಪರಿಶಿಷ್ಟ ಪಂಗಡ. ಕಾಸರಗೋಡಿನಲ್ಲೂ ಪರಿಶಿಷ್ಟ ಪಂಗಡವೇ, ಆದರೆ ಅದು ನೇರ ದಾರಿಯಲ್ಲ. 2002ರ ತಿದ್ದುಪಡಿ ಕಾಯ್ದೆಯಲ್ಲಿ ಕೇರಳದ ಪಟ್ಟಿಯಿಂದ ಅವರನ್ನು ತೆಗೆದುಹಾಕಿದರು. 2013ರಲ್ಲಿ ಸಂಸತ್ತು ಮತ್ತೆ ಸೇರಿಸಿತು. ನಡುವಿನ ಆ ವರ್ಷಗಳಲ್ಲಿ ಅದೇ ಜನ, ಅದೇ ಮನೆ, ಅದೇ ತೋಟ, ಕೂಲಿಯೂ ಅದೇ. ಹೊಳೆ ಆಚೆ ತಂಗಿ ಪಂಗಡದವಳು, ಈಚೆ ಅಕ್ಕ ಅಲ್ಲ. ಆ ಸಮಯದಲ್ಲಿ ಪ್ಲಸ್ ಟು, ಅಂದರೆ ನಿಮ್ಮ ಪಿಯುಸಿ, ಮುಗಿಸಿದ ಎಷ್ಟೋ ಮಕ್ಕಳು ಮುಂದೆ ಓದಲೇ ಇಲ್ಲ. ಅವರಿಗೆ ಈಗ ಯಾರು ಏನು ಕೊಟ್ಟರೂ ಅಷ್ಟೇ.

ಈಗಿನ ಮಾತಿಗೆ ಬರುತ್ತೇನೆ. ಚಿಕ್ಕಮ್ಮನ ಮಗಳು ಆರ್‌ಡಿ ನಂಬರ್ ಹೊಡೆದಳು, ಅರ್ಜಿ ಹೋಯಿತು, ದುಡ್ಡು ಬಂತು. ಈಚೆ ಅಕ್ಕನ ಮಗಳದ್ದು ಕೇರಳದ ಸ್ಕಾಲರ್‌ಶಿಪ್ ಪೋರ್ಟಲ್ ಇ-ಗ್ರಾಂಟ್ಸ್‌ನಲ್ಲಿ ಹಾಕಬೇಕು. ಹಾಕಿದೆವು. ಅಪ್‌ಲೋಡ್ ಮಾಡಿದ್ದೆಲ್ಲ ಸರಿ ಇತ್ತು. ಆದರೆ ಅರ್ಜಿಯನ್ನು ಕಾಲೇಜಿನವರು ನೋಡಿ, ಹೌದು ನಮ್ಮಲ್ಲಿ ಓದುತ್ತಾಳೆ, ಫೀಸು ಇಷ್ಟು ಅಂತ ದೃಢಪಡಿಸಬೇಕು. ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದಲ್ಲಿ ಕೂತ ಪುಣ್ಯಾತ್ಮ ದಿನವಿಡೀ ಎಸ್‌ಎಸ್‌ಪಿ ಮಾಡುವವರು. ಪಾಪ, ಅವರಿಗೆ ಅದರಲ್ಲೇ ತಲೆ ಎತ್ತಲು ಸಮಯವಿಲ್ಲ. "ಕೇರಳದ್ದು ನಮ್ಮಲ್ಲಿ ಬರಲ್ಲಮ್ಮ" ಅಂದರು. ಹುಡುಗಿ ವಾಪಸ್ ಬಂದು ಇಲ್ಲಿನ ಆಫೀಸಿಗೆ ಹೋದಳು. "ಕಾಲೇಜಿನಿಂದ ಬರಬೇಕಲ್ಲ" ಅಂದರು. ಮತ್ತೆ ಕಾಲೇಜಿಗೆ. ಈ ಸಲ ಹೇಳಿದ್ದು: "ನೀನು ಗಡಿನಾಡು ಕೋಟಾದಲ್ಲಿ ಬಂದವಳಲ್ವಾ, ಹಾಗಾದರೆ ಕರ್ನಾಟಕದ್ದೇ ಸಿಗಬೇಕಪ್ಪ." ನೋಡು, ನೀನು ಕೇಳಿದ ಪ್ರಶ್ನೆಯನ್ನೇ ಅವರೂ ಕೇಳಿದ್ದು. ಸಿಗುವುದಿಲ್ಲ ಅಂತ ಅವರಿಗೆ ಹೇಳಿಕೊಡಬೇಕಾದವಳು ಹದಿನೆಂಟು ವರ್ಷದ ಹುಡುಗಿ.

ಇಷ್ಟರಲ್ಲಿ ಫೀಸಿನ ಗಡುವು ಬರುತ್ತದೆ. ಆಚೆಯ ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಸರ್ಕಾರದ ದುಡ್ಡು ಬರುತ್ತದೆ ಅನ್ನುವ ಭರವಸೆಯಲ್ಲಿ ಕಾಲೇಜು ಸ್ವಲ್ಪ ತಡೆದುಕೊಳ್ಳುತ್ತದೆ. ನಮ್ಮವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲವಲ್ಲ, ಮೊದಲು ಕಟ್ಟು ಅಂತಾರೆ. ಎಸ್‌ಸಿ ಮಕ್ಕಳಿಗೆ ಕೇಂದ್ರದ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಅಂತ ಒಂದಿದೆ, ಅದನ್ನು ತೋರಿಸಿದರೆ ಮುಂಗಡ ಫೀಸು ಕೇಳುವಂತಿಲ್ಲ. ಒಂದು ರಾಜ್ಯದ ಕಾರ್ಡನ್ನು ಇನ್ನೊಂದು ರಾಜ್ಯದ ಕೌಂಟರಿನಲ್ಲಿ ತೋರಿಸಿ ನೋಡು, ಮುಖ ಹೇಗಾಗುತ್ತದೆ ಅಂತ. ಕೊನೆಗೆ ಅಮ್ಮನ ಕಿವಿಯೋಲೆ ಸಹಕಾರಿ ಬ್ಯಾಂಕಿಗೆ ಹೋಗುತ್ತದೆ. ಸ್ಕಾಲರ್‌ಶಿಪ್ ಬಂದಾಗ ಬಿಡಿಸಿಕೊಳ್ಳುವುದು. ಬಡ್ಡಿ ಮಾತ್ರ ಯಾವ ಯೋಜನೆಯಲ್ಲೂ ಬರಲ್ಲ.

ಬೇರೆ ಜಾತಿಗಳದ್ದು? ಅದೂ ಹಾಗೆಯೇ, ಸ್ವಲ್ಪ ಬಣ್ಣ ಬೇರೆ. ಬಿಲ್ಲವರು ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 2ಎ. ಈಚೆ ಈಳವ, ತೀಯರ ಜೊತೆ ಒಬಿಸಿ. ಎರಡೂ ಕಡೆ ಹಿಂದುಳಿದವರೇ, ಆದರೆ 2ಎ ಅನ್ನುವ ಕಾಲಂಗೆ ಕೇರಳದ ಒಬಿಸಿ ಸರ್ಟಿಫಿಕೇಟು ಹೊಂದುವುದಿಲ್ಲ. ರಾಜ್ಯದ ಸವಲತ್ತಿಗೆ ಜಾತಿ ಸರ್ಟಿಫಿಕೇಟು ಅದನ್ನು ಕೊಟ್ಟ ರಾಜ್ಯದಲ್ಲಿ ಮಾತ್ರ ನಡೆಯುವುದು. ಎಸ್‌ಸಿ, ಎಸ್‌ಟಿ ವಿಷಯದಲ್ಲಿ ಸುಪ್ರೀಂ ಕೋರ್ಟು 1990ರಲ್ಲೇ ಇದನ್ನು ಹೇಳಿಬಿಟ್ಟಿದೆ. ಹಾಗಾಗಿ ಅಮ್ಮನ ಪುತ್ತೂರಿನ ಸರ್ಟಿಫಿಕೇಟು ಹಿಡಿದುಕೊಂಡು ಮಗಳಿಗೆ ಅರ್ಜಿ ಹಾಕಲಿಕ್ಕೂ ಆಗುವುದಿಲ್ಲ. ರೈತರ ಮಕ್ಕಳಿಗೆ ಅಂತ 2021ರಲ್ಲಿ ಬಂದ ರೈತ ವಿದ್ಯಾನಿಧಿಯೂ ಅಷ್ಟೇ, ಅದಕ್ಕೆ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಬೇಕು, ಎಫ್‌ಐಡಿಗೆ ಕರ್ನಾಟಕದ ಪಹಣಿ ಬೇಕು. ನಮ್ಮ ಅಡಿಕೆ ಹೋಗುವುದು ಮಂಗಳೂರಿನ ಮಾರುಕಟ್ಟೆಗೆ, ತೋಟದ ತೆರಿಗೆ ಕಟ್ಟುವುದು ಕೇರಳದ ವಿಲೇಜ್ ಆಫೀಸಿಗೆ. ಅಡಿಕೆಗೆ ಆರ್‌ಡಿ ನಂಬರ್ ಯಾರೂ ಕೇಳಲ್ಲ ಅನ್ನುವುದೊಂದು ಸಮಾಧಾನ.

ಕೇರಳ ಏನೂ ಕೊಡುವುದಿಲ್ಲ ಅಂತ ತಿಳಿಯಬೇಡ, ಅದು ಸುಳ್ಳಾಗುತ್ತದೆ. ಎಲ್‌ಎಸ್‌ಎಸ್, ಯುಎಸ್‌ಎಸ್ ಅಂತ ಕರೆಯುತ್ತಿದ್ದ ಶಾಲಾ ಸ್ಕಾಲರ್‌ಶಿಪ್ ಪರೀಕ್ಷೆಗಳನ್ನು ನಮ್ಮ ಮಕ್ಕಳು ಕನ್ನಡದಲ್ಲೇ ಬರೆಯುತ್ತಾ ಬಂದಿದ್ದಾರೆ. ಕೇರಳದೊಳಗೇ ಓದಿದರೆ ಇ-ಗ್ರಾಂಟ್ಸ್ ತಕ್ಕಮಟ್ಟಿಗೆ ನಡೆಯುತ್ತದೆ, ಕಾಲೇಜಿನವರಿಗೂ ರೂಢಿ ಇರುತ್ತದೆ. ಕಿರಿಕಿರಿ ಅಂದರೆ ಆದಾಯದ ಸರ್ಟಿಫಿಕೇಟು ಇಲ್ಲಿ ಒಂದೇ ವರ್ಷ ನಡೆಯುತ್ತದೆ, ಆಚೆ ಐದು ವರ್ಷ. ಪ್ರತಿ ಮಳೆಗಾಲ ಆನ್‌ಲೈನ್ ಅರ್ಜಿ ಹಾಕುವ ಅಕ್ಷಯ ಕೇಂದ್ರದ ಎದುರು ಕೊಡೆ ಹಿಡಿದು ನಿಲ್ಲುವುದು ನಮಗೆ ಹಬ್ಬದ ಹಾಗೆ ಬರುತ್ತದೆ. "ಹಾಗಾದರೆ ಕೇರಳದಲ್ಲೇ ಓದಿಸಿ" ಅಂತ ನೀನು ಹೇಳುವ ಮೊದಲೇ ಹೇಳುತ್ತೇನೆ: ಮಂಜೇಶ್ವರದಿಂದ ಬಸ್ಸು ಹತ್ತಿದರೆ ಒಂದು ತಾಸಿನಲ್ಲಿ ಮಂಗಳೂರು. ಹುಡುಗಿ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುತ್ತಾಳೆ, ಹಾಸ್ಟೆಲ್ ಖರ್ಚಿಲ್ಲ. ತಿರುವನಂತಪುರಕ್ಕೆ ರಾತ್ರಿಯಿಡೀ ರೈಲು. ನಮ್ಮ ಆಸ್ಪತ್ರೆ, ಮದುವೆ ಜವಳಿ, ಓದು ಎಲ್ಲ ಮೊದಲಿನಿಂದಲೂ ಮಂಗಳೂರೇ. 2020ರಲ್ಲಿ ಕೊರೊನಾ ಅಂತ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ನಮಗೆ ಅದು ಸರಿಯಾಗಿ ತಿಳಿಯಿತು.

ಕೇಂದ್ರದ ಮೆರಿಟ್ ಸ್ಕಾಲರ್‌ಶಿಪ್‌ಗಳಲ್ಲಿ ಈ ತಲೆನೋವು ಸ್ವಲ್ಪ ಕಡಿಮೆ. ಎಂಟನೇ ಕ್ಲಾಸಿನಲ್ಲಿ ಬರೆಯುವ ಎನ್‌ಎಂಎಂಎಸ್ ಪಾಸಾದರೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ 12,000 ರೂಪಾಯಿ. ಪ್ಲಸ್ ಟುನಲ್ಲಿ ತನ್ನ ಬೋರ್ಡಿನ ಮೇಲಿನ ಶೇ. 20ರೊಳಗೆ ಬಂದು, ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ಪದವಿಯ ಮೊದಲ ಮೂರು ವರ್ಷ, ವರ್ಷಕ್ಕೆ 12,000 ಸಿಗುವ ಇನ್ನೊಂದಿದೆ. ಅದಕ್ಕೆ ಜಾತಿ ಪಟ್ಟಿಯ ಹಂಗಿಲ್ಲ. ನಾನು ಮಕ್ಕಳಿಗೆ ಮೊದಲು ಇದನ್ನೇ ಹಾಕಲು ಹೇಳುವುದು. ಜೊತೆಗೆ, ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಯಾವುದು ಅಂತ ನೋಡಿಕೊಳ್ಳಿ ಅಂತಲೂ. ಮಂಗಳೂರಲ್ಲಿ ಹೊಸ ಖಾತೆ ತೆರೆದು ಆಧಾರ್ ಜೋಡಿಸಿದರೆ ದುಡ್ಡು ಹೋಗುವುದು ಅದಕ್ಕೇ, ಹಳೆಯ ಪಾಸ್‌ಬುಕ್ ಹಿಡಿದು ಎಂಟ್ರಿ ಹೊಡೆಸುತ್ತ ಕೂತರೆ ಏನೂ ಕಾಣುವುದಿಲ್ಲ.

ಇನ್ನು ನೀನು ಕೊನೆಗೆ ಬರೆದ ಆ ಉಪಾಯ. "ರೇಷನ್ ಕಾರ್ಡ್ ಕರ್ನಾಟಕದ ನೆಂಟರ ಮನೆಗೆ ಬದಲಾಯಿಸಿಬಿಡಿ, ಯಾರು ನೋಡ್ತಾರೆ?" ಯಾರೂ ನೋಡಲ್ಲ, ನಿಜ. ಹಾಗೆ ಮಾಡಿದವರೂ ಇಲ್ಲ ಅಂತಲ್ಲ. ಆದರೆ ಯಾಕೆ ಮಾಡಬೇಕು ಹೇಳು. ನೀವು ರಾಜ್ಯೋತ್ಸವ ಮಾಡುವ ನವೆಂಬರ್ 1ನೇ ತಾರೀಕೇ, 1956ರಲ್ಲಿ, ನಮ್ಮ ತಾಲೂಕನ್ನು ದಕ್ಷಿಣ ಕನ್ನಡದಿಂದ ಬಿಡಿಸಿ ಕೇರಳಕ್ಕೆ ಹಾಕಿದ್ದು. ಚಂದ್ರಗಿರಿ ಹೊಳೆಯ ಉತ್ತರದ್ದು ಕರ್ನಾಟಕಕ್ಕೆ ಸೇರಬೇಕು ಅಂತ, ಗಡಿ ತಕರಾರು ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಬರೆದುಕೊಟ್ಟಿತು. ಅದು ಅಲ್ಲೇ ಉಳಿಯಿತು. ಅಷ್ಟಾದರೂ ನಾವು ಇಲ್ಲಿ ಕನ್ನಡ ಶಾಲೆ ನಡೆಸಿದ್ದೇವೆ. ಮಕ್ಕಳು ಕಡಿಮೆಯಾದಾಗ ಮನೆ ಮನೆಗೆ ಹೋಗಿ ಸೇರಿಸಿದ್ದೇವೆ. ಕನ್ನಡ ಬಲ್ಲ ಮಾಷ್ಟ್ರನ್ನೇ ಹಾಕಿ ಅಂತ ಧರಣಿ ಕೂತಿದ್ದೇವೆ. ಇಷ್ಟು ಮಾಡಿದ ಮೇಲೆ ಒಂದು ಸ್ಕಾಲರ್‌ಶಿಪ್ಪಿಗಾಗಿ ನಾವು ಇಲ್ಲಿಯವರೇ ಅಲ್ಲ ಅಂತ ಸುಳ್ಳು ಬರೆದುಕೊಡುವುದಾ? ಕನ್ನಡದವರು ಎಲ್ಲ ಆಚೆ ಕಾರ್ಡ್ ಮಾಡಿಕೊಂಡರೆ ಇಲ್ಲಿ ಭಾಷಾ ಅಲ್ಪಸಂಖ್ಯಾತರು ಅಂತ ಲೆಕ್ಕಕ್ಕಾದರೂ ಯಾರು ಉಳಿಯುತ್ತಾರೆ? ಸ್ವಲ್ಪ ಜೋರಾಗಿ ಹೇಳಿದೆ, ಬೇಜಾರು ಮಾಡ್ಕೋಬೇಡ. ಆದರೆ ಬೆಂಗಳೂರಿನಿಂದ ಈ ಸಲಹೆ ಬಂದಾಗಲೆಲ್ಲ ಮೈ ಉರಿಯುತ್ತದೆ.

ನಾವು ಕೇಳುವುದು ಕರ್ನಾಟಕದ ದುಡ್ಡನ್ನೂ ಅಲ್ಲ. ಅದು ಕೊಟ್ಟರೆ ಬೇಡ ಅನ್ನಲ್ಲ, ಅದು ಬೇರೆ ಮಾತು. ಗಡಿನಾಡು ಅಂತ ಸೀಟು ಕೊಟ್ಟ ಮಗುವಿನ ಅರ್ಜಿಯನ್ನು, ಅದು ಯಾವ ರಾಜ್ಯದ ಪೋರ್ಟಲ್‌ನಲ್ಲಿದ್ದರೂ, ಕಾಲೇಜಿನವರು ತೆರೆದು ನೋಡಿ ಮುಂದೆ ಕಳಿಸಬೇಕು ಅಂತ ಒಂದು ಸುತ್ತೋಲೆ ಬಂದರೆ ಸಾಕು. ದುಡ್ಡು ಬರುವ ತನಕ ಫೀಸಿಗೆ ತಡೆದುಕೊಳ್ಳಿ ಅಂತ ಅದರಲ್ಲೇ ಇನ್ನೊಂದು ಸಾಲು. ಎರಡು ಸರ್ಕಾರಗಳು ಕೂತು ಮಾತಾಡಿದರೆ ಅರ್ಧ ದಿನದ ಕೆಲಸ. ಕೂರಿಸುವವರು ಯಾರು ಅನ್ನುವುದೇ ಪ್ರಶ್ನೆ.

ಅಂದ ಹಾಗೆ, ಈ ಹುಡುಗಿ ಓದುವ ಕಾಲೇಜಿನ ಆಡಳಿತ ಮಂಡಳಿಯಲ್ಲಿ ನಿನ್ನ ಭಾವನಿಗೆ ಗುರುತಿನವರಿದ್ದಾರೆ ಅಂತ ಹಿಂದೆ ಹೇಳಿದ್ದೆಯಲ್ಲ. ಒಂದು ಫೋನ್ ಮಾಡಿಸು. ದೊಡ್ಡ ಉಪಕಾರ ಏನೂ ಬೇಡ. ಸ್ಕಾಲರ್‌ಶಿಪ್ ನೋಡುವವರು ಇ-ಗ್ರಾಂಟ್ಸ್‌ನಲ್ಲಿ ಕಾಲೇಜಿನ ಲಾಗಿನ್ ಇದೆಯಾ ಅಂತ ನೋಡಲಿ, ಇಲ್ಲದಿದ್ದರೆ ಮಾಡಿಸಿಕೊಳ್ಳಲಿ. ಬೇಕಾದ ಕಾಗದವನ್ನೆಲ್ಲ ಹುಡುಗಿಯ ಕೈಯಲ್ಲಿ ಕಳಿಸುತ್ತೇನೆ, ಅವರಿಗೆ ಗೊತ್ತಿಲ್ಲದ್ದನ್ನು ಅವಳೇ ಹೇಳಿಕೊಡುತ್ತಾಳೆ.