ಅಮೆರಿಕಾದಲ್ಲಿ ಅಪ್ಪಂಗೆ ಹುಷಾರು ತಪ್ಪಿದ್ರೆ?

ಪ್ರಶ್ನೆ: ಅಪ್ಪ ಅಮ್ಮ ಡಲ್ಲಾಸ್‌ನಲ್ಲಿರೋ ತಂಗಿ ಮನೆಗೆ ಹೊರಟಿದಾರೆ. ಅಪ್ಪಂಗೆ ಬಿಪಿ, ಶುಗರ್ ಎರಡೂ ಇದೆ, ಅಲ್ಲಿ ರಾತ್ರಿ ಏನಾದ್ರೂ ಆದ್ರೆ ಏನ್ಮಾಡೋದು?

ಉತ್ತರ: ಎದೆನೋವು, ಮಾತು ತೊದಲೋದು, ಉಸಿರಾಟದ ತೊಂದ್ರೆ ಇಂಥದ್ದಾದ್ರೆ ಬಿಲ್ ಲೆಕ್ಕ ಹಾಕ್ತಾ ಕೂರ್ಬೇಡಿ, ಅಲ್ಲಿನ ತುರ್ತು ನಂಬರ್ 911ಗೆ ಫೋನ್ ಮಾಡಿ. ಅಲ್ಲಿನ 1986ರ ಕಾನೂನಿದೆ, ಹೆಚ್ಚುಕಮ್ಮಿ ಎಲ್ಲಾ ಆಸ್ಪತ್ರೆ ಎಮರ್ಜೆನ್ಸಿಗಳೂ ದುಡ್ಡಿಲ್ಲ, ಇನ್ಶೂರೆನ್ಸ್ ಇಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ, ತಪಾಸಣೆ ಮಾಡಿ ಅಪಾಯದಿಂದ ಪಾರು ಮಾಡೋಕೆ ನೋಡ್ಲೇಬೇಕು. ಹಾಗಂತ ಫ್ರೀ ಅಲ್ಲ ಮತ್ತೆ! ಬಿಲ್ ಆಮೇಲೆ ಪೋಸ್ಟಲ್ಲಿ ಬರುತ್ತೆ, ಆಂಬುಲೆನ್ಸ್‌ದು ಬೇರೆ, ಎಷ್ಟೋ ಸಲ ಡಾಕ್ಟರ್‌ದು ಬೇರೆ, ನೋಡಿದ್ರೆ ಇನ್ನೊಂದ್ಸಲ ಬಿಪಿ ಏರೋ ಥರ ಇರುತ್ತೆ. ಐಟಂ ಪ್ರಕಾರ ಬಿಲ್ ಕೊಡಿ ಅಂತ ಕೇಳಿ, ಲಾಭರಹಿತ ಆಸ್ಪತ್ರೆ ಆದ್ರೆ ಆರ್ಥಿಕ ಸಹಾಯದ ಅರ್ಜಿನೂ ಇರುತ್ತೆ, ಕೇಳೋಕೆ ಸಂಕೋಚ ಬೇಡ.

ಇನ್ಶೂರೆನ್ಸ್ ತಗೊಳ್ಳೋವಾಗ ರೇಟ್ ಒಂದನ್ನೇ ನೋಡ್ಬೇಡಿ, ಬಿಪಿ ಶುಗರ್‌ನಂಥ ಹಳೇ ಕಾಯಿಲೆ ದಿಢೀರ್ ಕೆಟ್ರೆ ಕವರ್ ಆಗುತ್ತಾ, ಅಪ್ಪನ ವಯಸ್ಸಿಗೆ ಎಷ್ಟು ಮಿತಿ ಅಂತ ಓದಿ. ಜ್ವರ, ಕೆಮ್ಮಿಗೆಲ್ಲ ಅರ್ಜೆಂಟ್ ಕೇರ್ ಕ್ಲಿನಿಕ್ (ಸಣ್ಣಪುಟ್ಟ ಕಾಯಿಲೆಗೆ ಅಪಾಯಿಂಟ್‌ಮೆಂಟ್ ಇಲ್ದೇ ನೋಡೋ ಕ್ಲಿನಿಕ್) ಸಾಕು, ಖರ್ಚೂ ಕಮ್ಮಿ. ಅಮ್ಮಂಗೆ ಇಂಗ್ಲಿಷ್ ಬರಲ್ಲ ಅಂದ್ರೆ ಆಸ್ಪತ್ರೇಲಿ ದುಭಾಷಿ ಬೇಕು ಅಂತ ಹೇಳಿ, ಫೋನಲ್ಲಿ ಕನ್ನಡದವ್ರನ್ನೇ ಕೊಡಿಸೋ ವ್ಯವಸ್ಥೆ ಎಷ್ಟೋ ಕಡೆ ಇದೆ, ಅದಕ್ಕೆ ಚಾರ್ಜ್ ಇಲ್ಲ.